ಟಿಕೋಟಾದ ತಿರುವಿನಲ್ಲಿ ಬೆನ್ನಿಗೆ ಹತ್ತಿದ ಮಣ್ಣು

ಸೊಸೆ ಕುಸುಬಿ ಎಣ್ಣೆ ಬಿಸಿ ಮಾಡಿ, ಕರ್ಪೂರ ಹಾಕಿ ನನ್ನ ಸೊಂಟಕ್ಕೆ ತಿಕ್ಕುತ್ತಿದ್ದಾಳೆ. ಅಂಗಳದಲ್ಲಿ ಜಾರಿ ಅಂಗಾತ ಬಿದ್ದವಳು ನಾನು. ಎಲುಬು ಕೂಡಿದೆ, ಇನ್ನು ನಡೆಯಲೇಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿ, ಒಂದು ವಾಕರ್ ಕೊಡಿಸಿ ಹೋಗಿದ್ದಾರೆ. ಅದು ಮೂಲೆಯಲ್ಲಿ ನಿಂತಿದೆ. ಅದರ ಮೇಲೆ ನನ್ನ ಕುಪ್ಪಸ ಒಣಗುತ್ತದೆ. ಯಾರಾದರೂ ನಡೆಯುವ ಮಾತೆತ್ತಿದರೆ ನನ್ನದು ಒಂದೇ ಉತ್ತರ: "ನಂದು ಮುಗೀತವಾ."

ಆದರೆ ಈ ಎಣ್ಣೆಯ ವಾಸನೆ ಸುಮ್ಮನಿರಗೊಡುವುದಿಲ್ಲ ನೋಡಿ. ಇದು ನನ್ನ ಅಣ್ಣ ಗುರಪ್ಪನ ವಾಸನೆ. ಬಬಲೇಶ್ವರದ ನಮ್ಮ ಮನೆಯಲ್ಲಿ ಹಿತ್ತಲಿನಿಂದ ಅಡುಗೆಮನೆಯವರೆಗೆ ಇದೇ ಘಮ. ಅಣ್ಣ ಕುಸ್ತಿಯ ಪೈಲವಾನ. ಅವನ ಬದಾಮಿ ಅರೆಯುವ ಕೆಲಸ ನನ್ನದು. ಅರೆಯುತ್ತ ಅರೆಯುತ್ತ ನಾನೂ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಆ ವರ್ಷಗಳಲ್ಲಿ ಅಣ್ಣನಷ್ಟೇ ನಾನೂ ಮೈ ತುಂಬಿಕೊಂಡಿದ್ದು ಯಾವ ಪವಾಡವೂ ಅಲ್ಲ.

ಕುಸ್ತಿ ಅವನ ಹೊಟ್ಟೆಪಾಡು. ಸುಗ್ಗಿ ಮುಗಿದ ಮೇಲೆ ಊರೂರಿಗೆ ಕರೆ ಬರುತ್ತಿತ್ತು, ಇನಾಮು ಬರುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಅವನು ಗುರಪ್ಪ ಹೇಗಾದಾನು? ಆಗಿನ ಬಿಜಾಪುರದ ಸೈಕಲ್ ಅಂಗಡಿಯವನೊಬ್ಬ ಸಂಬಳ ಕೊಟ್ಟು ಅವನನ್ನು ಸೈಕಲ್ ಪಂದ್ಯಗಳಲ್ಲಿ ಓಡಿಸತೊಡಗಿದ. ಮಹಾಯುದ್ಧದ ಕಾಲ, ಹೊಸ ಟೈರು ಕಣ್ಣಿಗೆ ಬೀಳುತ್ತಿರಲಿಲ್ಲ. ಅಣ್ಣನ ಟ್ಯೂಬಿನಲ್ಲಿ ಟ್ಯೂಬಿಗಿಂತ ಪಂಚರಿನ ತೇಪೆಯೇ ಹೆಚ್ಚು. ಈ ದೇಹ ಹತ್ತಿದರೆ ಚಕ್ರದ ಕಡ್ಡಿ ಮುರಿಯುತ್ತವೆಂದು ಅಂಗಡಿಯವನು ಗೊಣಗುತ್ತಿದ್ದ. ಆದರೂ ಗೆದ್ದು ಬಂದಾಗ ಹೆಗಲ ಮೇಲೆ ಕೈ ಹಾಕಲು ಅವನೇ ಮುಂದು.

"ಎರಡೆರಡು ಯಾಕ ಬೇಕೋ ನಿನಗ?" ಎಂದು ಅವ್ವ ಕೇಳಿದರೆ, "ಕಣದಾಗ ಒಬ್ಬನ ಕೂಡ ಹಿಡಿಯೂದು, ಸೈಕಲ್ ಮ್ಯಾಲ ಗಾಳಿ ಕೂಡ ಹಿಡಿಯೂದು. ಎರಡೂ ಕುಸ್ತೀನ ಬೇ" ಎನ್ನುತ್ತಿದ್ದ.

ಅವನಿಗೆ ಕುಸ್ತಿ ಕಲಿಸಿದ ವಸ್ತಾದ ಬಸಪ್ಪಜ್ಜನಿಗೆ ಮಾತ್ರ ಇದು ಹಿಡಿಸಲಿಲ್ಲ. ಗರಡಿಮನೆಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಮಗುವಿನಂತೆ ಸಾಕಿದ ಮನುಷ್ಯ. ಶಿಷ್ಯನನ್ನೂ ಹಾಗೆಯೇ ಸಾಕಿದ್ದ. "ಸೈಕಲ್ ತುಳದ್ರ ತೊಡಿ ಬಿಗೀತಾವ. ಬಿಗದ ತೊಡಿ ಕುಸ್ತಿಗಿ ಬರೂದಿಲ್ಲ" ಎಂದು ಹಟ ಹಿಡಿದ. ಕೊನೆಗೆ ಒಂದು ಷರತ್ತು ಹಾಕಿದ: "ಈ ಸಲದ ಟಿಕೋಟಾ ಸೈಕಲ್ ಪಂದ್ಯ ಗೆದ್ರ ಎರಡೂ ಆಡು. ಸೋತ್ರ ಸೈಕಲ್ ಬಿಡಬೇಕು." ಅಣ್ಣ ಗುರುವಿನ ಕಾಲು ಮುಟ್ಟಿ ಒಪ್ಪಿಕೊಂಡ. ಅವತ್ತು ರಾತ್ರಿ ಬದಾಮಿ ಹಾಲು ಹಾಗೇ ಉಳಿಯಿತು. ನಾನೇ ಕುಡಿದೆ ಎಂದು ಬೇರೆ ಹೇಳಬೇಕಿಲ್ಲ.

ಗೋಳಗುಮ್ಮಟದ ಮುಂದಿನಿಂದ ಹೊರಟು, ಟಿಕೋಟಾದ ಬೇವಿನ ಗಿಡಕ್ಕೆ ಸುತ್ತು ಹಾಕಿ, ಮರಳಿ ಗುಮ್ಮಟ ಮುಟ್ಟಬೇಕು. ಬಬಲೇಶ್ವರದವರೆಲ್ಲ ಗಾಡಿ ಕಟ್ಟಿಕೊಂಡು ಟಿಕೋಟಾಕ್ಕೆ ಬಂದಿದ್ದೆವು. ಲಗ್ನದ ವಯಸ್ಸಿಗೆ ಬಂದ ಹುಡುಗಿ ನಾನು, ಅವ್ವನ ಸೆರಗಿನ ಹಿಂದೆ ನಿಂತಿದ್ದೆ. ದೂರದಲ್ಲಿ ಧೂಳು ಎದ್ದಿತು. ಎಲ್ಲರಿಗಿಂತ ಮುಂದೆ ನಮ್ಮಣ್ಣ! ನಮ್ಮೂರವರು ರುಮಾಲು ಹಾರಿಸಿದರು. ಗಿಡದ ಹತ್ತಿರ ಬಂದವನು ತಿರುಗುವ ಭರದಲ್ಲಿ ಜಾರಿದ. ಸೈಕಲ್ ಒಂದು ಕಡೆ, ಅವನು ಒಂದು ಕಡೆ. ಅಂಗಾತ ಬಿದ್ದ. ಎರಡೂ ಭುಜ ನೆಲಕ್ಕೆ ಹತ್ತಿದವು.

"ಚಿತ್ ಆದ!" ಎಂದರು ನಮ್ಮೂರವರು.

ಕುಸ್ತಿಯಲ್ಲಿ ಬೆನ್ನು ನೆಲ ಮುಟ್ಟಿತೆಂದರೆ ಮುಗಿಯಿತು. ಅದನ್ನೇ ನೋಡುತ್ತ ಬೆಳೆದ ಜನ. ಬಸಪ್ಪಜ್ಜ ರುಮಾಲು ತೆಗೆದು ಮುಖ ಒರೆಸಿಕೊಂಡ. ಇಬ್ಬರು ಆಗಲೇ ಊರಿಗೆ ಮರಳಲೆಂದು ಗಾಡಿಗೆ ಎತ್ತು ಹೂಡಲು ಹೋದರು. ಹುಚ್ಚುತನ ಅನ್ನಿಸುತ್ತದಲ್ಲವೇ? ಆದರೆ ಅಣ್ಣನೂ ಹಾಗೇ ಮಲಗಿದ್ದ, ಆಕಾಶ ನೋಡುತ್ತ! ಪೆಟ್ಟೇನೂ ಆಗಿರಲಿಲ್ಲ. ಚಿಕ್ಕಂದಿನಿಂದ ಆ ಮೈ ಕಲಿತದ್ದೇ ಅದು: ಬೆನ್ನಿಗೆ ಮಣ್ಣು ಹತ್ತಿತು, ಇನ್ನು ಎದ್ದು ಕೈ ಕುಲುಕಿ ಹೋಗುವುದಷ್ಟೇ. ಹಿಂದಿನವರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋಗುತ್ತಿದ್ದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅರೆದ ಬದಾಮಿಯ ಸಿಟ್ಟೆಲ್ಲ ಒಟ್ಟಿಗೇ ಬಂತು. ಅವ್ವ ಚಿವುಟುತ್ತಿದ್ದರೂ ಕೇಳದೆ ಮುಂದೆ ನುಗ್ಗಿ ಕೂಗಿದೆ: "ಏಳೋ ಯಣ್ಣಾ! ಇದು ಕಣ ಅಲ್ಲ, ರಸ್ತಾ ಐತಿ! ಇಲ್ಲೆ ಬೆನ್ನಿಗಿ ಮಣ್ಣ ಹತ್ತಿದ್ರ ಯಾರೂ ಸೋತಿ ಅನ್ನಂಗಿಲ್ಲ!"

ಅವನು ತಲೆ ತಿರುಗಿಸಿ ನನ್ನನ್ನು ನೋಡಿದ. ನಿದ್ದೆಯಿಂದ ಎದ್ದವರ ಮುಖ. ಆಮೇಲೆ ಎದ್ದ ನೋಡಿ! ಡೊಂಕಾದ ಹ್ಯಾಂಡಲ್ಲನ್ನು ತೊಡೆಗಳ ನಡುವೆ ಹಿಡಿದು, ಕುಸ್ತಿಯ ಪಟ್ಟಿನಲ್ಲೇ ನೆಟ್ಟಗೆ ಮಾಡಿ, ಹತ್ತಿಯೇ ಬಿಟ್ಟ. ಬೆನ್ನ ತುಂಬ ಟಿಕೋಟಾದ ಮಣ್ಣು ಹೊತ್ತು ಬಿಜಾಪುರದ ಕಡೆ ಹೋದ.

ಗೆಲ್ಲಲಿಲ್ಲ. ಒಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದೆ ಹಾಕಿದ, ಅಷ್ಟೇ. ಮರುದಿನ ಸೈಕಲ್ಲನ್ನು ಗರಡಿಮನೆಯ ಬಾಗಿಲಿಗೆ ತಂದು ನಿಲ್ಲಿಸಿ, "ಸೋತೇನ್ರೀ ಅಜ್ಜಾರ. ಮಾತಿನಂಗ ಬಿಟ್ಟೇನ್ರಿ" ಎಂದ. ಕಣ್ಣಲ್ಲಿ ನೀರಿತ್ತು. ಬಸಪ್ಪಜ್ಜ ಸೈಕಲ್ಲಿಗೆ ಒಂದು ಸುತ್ತು ಬಂದು, ಡೊಂಕಾಗಿ ನೆಟ್ಟಗಾಗಿದ್ದ ಹ್ಯಾಂಡಲ್ ಮುಟ್ಟಿ ನೋಡಿದ. "ಚಿತ್ ಆದವ ಎದ್ದು ಆಡಿದ್ದು ನಾ ಈ ಜನ್ಮದಾಗ ನೋಡಿದ್ದಿಲ್ಲ. ಈ ಆಟದಾಗ ಬಿದ್ದರೂ ಮುಗಿಯಂಗಿಲ್ಲ ಅಂದ್ಲಲ್ಲೋ ನಿನ್ನ ತಂಗಿ. ಹಂಗಾದ್ರ ನನ್ನ ಷರತ್ತು ಒಂದ ಸೋಲಿಗೆ ಯಾಕ ಮುಗೀಬೇಕು? ಮುಂದಿನ ಪಂದ್ಯ ಯಾವಾಗ, ಹೇಳಲೇ."

ಮುಂದಿನದನ್ನು ಅಣ್ಣ ಗೆದ್ದ. ತೋಳು ಸೋಲುವವರೆಗೂ ಎರಡನ್ನೂ ಆಡಿದ. ಟಿಕೋಟಾದವರೊಬ್ಬರು ನನ್ನ ಗಂಟಲು ಕೇಳಿದ ಮೇಲೂ ನನ್ನನ್ನು ಸೊಸೆ ಮಾಡಿಕೊಂಡರು. ಅವರ ಧೈರ್ಯ ಮೆಚ್ಚಬೇಕು. ಹಾಗಾಗಿ ಈಗಲೂ ನಾನಿರುವುದು ಆ ತಿರುವಿನ ಹತ್ತಿರವೇ. ಅಣ್ಣ ಈಗಿಲ್ಲ. ಬೇವಿನ ಗಿಡವೂ ಇಲ್ಲ.

ಎಣ್ಣೆ ತಿಕ್ಕಿದ ಸೊಸೆ ಕೈ ತೊಳೆಯಲು ಎದ್ದಳು. "ತಂಗೀ," ಎಂದೆ, "ಆ ಕುಪ್ಪಸ ತಗದು ವಾಕರ್ ಇಲ್ಲೆ ತಾ."

ಅವಳು ಕಣ್ಣರಳಿಸಿದಳು. "ಯಾಕ್ರೀ ಅತ್ತಿ, ನಂದು ಮುಗೀತು ಅಂತಿದ್ರಿ?"

"ಬಿದ್ದಿದ್ದು ಅಂಗಳದಾಗ ಬೇ," ಎಂದೆ, "ಕಣದಾಗಲ್ಲ."