ಬೂಟ್‌ಲೋಡರ್ ಓಂಕಾರೇಶ್
ಕಡೂರು ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಓಂಕಾರೇಶನಿಗೆ ತಾಲ್ಲೂಕಿನಲ್ಲಿ ಯಾರ ಕಂಪ್ಯೂಟರಿನ ಲಿನಕ್ಸ್ ತಂತ್ರಾಂಶ ಕೆಟ್ಟರೂ ಒಳಗೊಳಗೇ ಹಬ್ಬ. ಅಪ್‌ಗ್ರೇಡ್ ಅರ್ಧಕ್ಕೆ ನಿಂತು, ಪರದೆ ಕಪ್ಪಾಗಿ, ಮೂಲೆಯಲ್ಲೊಂದು ಗೆರೆ ಮಾತ್ರ ಮಿಟುಕುತ್ತಿರುವ ಯಂತ್ರವನ್ನು ಜ್ವರ ಬಂದ ಮಗುವಿನಂತೆ ಅವಚಿಕೊಂಡು ಬಂದವರನ್ನು ಮೊದಲು ಕೂರಿಸಿ ಟೀ ತರಿಸುತ್ತಾನೆ. “ಗಾಬರಿಯಾಗ್ಬೇಡಿ. ನಿಮ್ಮ ಫೋಟೋ, ಫೈಲು ಎಲ್ಲಾ ಒಳಗೆ ಹಂಗೇ ಅವೆ. ಅದನ್ನ ಎಬ್ಬಿಸೋ ಬೂಟ್‌ಲೋಡರ್ ಒಂದು ಕೆಟ್ಟೈತೆ, ಅಷ್ಟೇ ಕಣ್ರೀ” ಎನ್ನುತ್ತಾನೆ. ಆಮೇಲೆ ಕೊರಳಲ್ಲಿ ಶಿವದಾರದ ಜೊತೆಗೇ ನೇತಾಡುವ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿ, ಅದರಿಂದ ಯಂತ್ರವನ್ನು ಎಬ್ಬಿಸಿ, ಬೂಟ್‌ಲೋಡರನ್ನು ಹೊಸದಾಗಿ ಕೂರಿಸುತ್ತಾನೆ. ಕೆಲಸ ಮುಗಿದರೂ ಬಿಡುವ ಆಸಾಮಿಯಲ್ಲ. “ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಾಣ” ಎನ್ನುತ್ತಾ ಬಂದವರ ಬಸ್ಸು ತಪ್ಪುವವರೆಗೂ ಪರೀಕ್ಷಿಸುತ್ತಾನೆ. ಹಾಗೆ ಬಸ್ಸು ತಪ್ಪಿಸಿಕೊಂಡವರಲ್ಲಿ ಸಖರಾಯಪಟ್ಟಣದ ಕೋಮಲಾ ಟೀಚರೂ ಒಬ್ಬರು. ಅವತ್ತು ಮುಂದಿನ ಬಸ್ಸು ಬರುವತನಕ ಇಬ್ಬರೂ ಮಾತಾಡಿದರು, ನಕ್ಕರು, ಟೀ ಎರಡೆರಡು ಸಲ ಬಂತು. ಅಂದಿನಿಂದ ಸಖರಾಯಪಟ್ಟಣದ ಬಸ್ಸು ಬಂದು ನಿಂತಾಗಲೆಲ್ಲ ಓಂಕಾರೇಶನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತದೆ. ಕೊನೆಯವರು ಇಳಿಯುವವರೆಗೂ ಅತ್ತಲೇ ನೋಡುತ್ತಾನೆ. “ಟೀಚರ್ ನಂಬರ್ ಐತಲ್ಲ, ಒಂದು ಫೋನ್ ಮಾಡಪ್ಪಾ” ಎಂದೆ ನಾನು ಮೊನ್ನೆ ಅವನ ಅಂಗಡಿಗೆ ಹೋಗಿದ್ದಾಗ. ಅವನು ಪೆನ್‌ಡ್ರೈವಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತ. “ಮಾಡಿದ್ದೆ ಕಣಣ್ಣ. ಕಂಪ್ಯೂಟರ್ ಹೆಂಗೈತೆ ಅಂತ ಕೇಳ್ದೆ. ಒಂದಿನಾನೂ ಕೈಕೊಟ್ಟಿಲ್ಲ ಅಂದ್ರು. ಅದಾದ್ಮೇಲೆ ಕೇಳಕ್ಕೆ ಏನೂ ಉಳೀಲಿಲ್ಲ.”