ಬಿಸಿನೀರಿನ ಬಸಮ್ಮ

ವಸ್ತಾರೆಯ ಬಸಮ್ಮನವರು ಕಾಫಿ ಬೆಟ್ಟಗಳ ನಡುವಣ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿ ದುಡಿದವರು. ಹೆಂಗಸರ ವಾರ್ಡಿನ ಹಿಂದುಗಡೆಯ ಬಚ್ಚಲು ಅವರದೇ ರಾಜ್ಯ. ಅಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯೊಂದನ್ನು ಹೂಡಿದೆ. ಆ ಒಲೆಗೆ ಎಸ್ಟೇಟಿನವರು ಕಿತ್ತು ಹಾಕಿದ ಹಳೆಯ ಕಾಫಿ ಬೊಡ್ಡೆಗಳೇ ಸೌದೆ. ಬೆಳಗ್ಗೆ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಮಾಸುವ ಮುನ್ನವೇ ಬಸ್ಸಿಳಿದು ಬಂದು ಆ ಒಲೆ ಹೊತ್ತಿಸುವುದು ಅವರ ನಿತ್ಯವಿಧಿಯಾಗಿತ್ತು. ಬಾಣಂತಿಯರ ಮೈಗೆ ಎಣ್ಣೆ ತಿಕ್ಕಿ ನೀರೆರೆಯುವಲ್ಲಿ ಅವರನ್ನು ಮೀರಿಸಿದವರಿಲ್ಲ. ಕಳಸದ ಕಡೆಯ ಹೆಂಗಸರೂ ಹೆರಿಗೆಗೆ ಬಂದಾಗ "ಬಿಸಿನೀರಿನ ಬಸಮ್ಮ ಇದಾರಾ?" ಎಂದೇ ಮೊದಲು ವಿಚಾರಿಸುವರು.

"ಮೈಮೇಲೆ ನೀರು ಬಿದ್ರೆ ಅರ್ಧ ನೋವು ಅಲ್ಲೇ ಹೋಗುತ್ತೆ ಮಾರಾಯ್ತಿ," ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಗಂಡನ ಪೆಟ್ಟು ತಿಂದು ಬಂದವರಿಗೂ, ಬೇಲಿ ಜಗಳದಲ್ಲಿ ತಲೆ ಒಡೆಸಿಕೊಂಡು ಬಂದವರಿಗೂ ಅವರ ಮೊದಲ ಉಪಚಾರ ಅದೇ. ಮೀಯಿಸಿ, ತಾವು ಕೂಡಿಟ್ಟ ಹಳೆಯ ಸೀರೆಗಳಲ್ಲಿ ಒಂದನ್ನು ಉಡಿಸಿ, ಹಣೆಗೆ ಚಿಟಿಕೆ ವಿಭೂತಿ ಇಟ್ಟ ಮೇಲೆಯೇ ಅವರಿಗೆ ಸಮಾಧಾನ.

ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲಿ ಆಸ್ಪತ್ರೆಯ ಸಿಬ್ಬಂದಿಗೆ ಒಂದು ದಿನದ ತರಬೇತಿ ನಡೆಯಿತು. ಹಲ್ಲೆಗೊಳಗಾಗಿ ಬಂದ ಹೆಂಗಸನ್ನು ವೈದ್ಯರು ನೋಡುವ ಮುನ್ನ ಮೀಯಿಸಬಾರದು, ಉಟ್ಟ ಬಟ್ಟೆಯನ್ನು ಒಗೆಯಬಾರದು, ಉಗುರನ್ನು ತೊಳೆಯಲೂ ಬಾರದು. ಅಪರಾಧಿಯ ಗುರುತು ಉಳಿಯುವುದು ಅವುಗಳಲ್ಲೇ ಎಂದು ಅಲ್ಲಿ ಬಿಡಿಸಿ ಹೇಳಿದರು. ಬಸಮ್ಮನವರು ಎಲ್ಲವನ್ನೂ ಕೇಳಿದರು, ಹಾಜರಿ ಹಾಳೆಗೆ ರುಜು ಹಾಕಿದರು. ಆದರೆ ಹಿಂದಿರುಗುವ ಬಸ್ಸಿನಲ್ಲಿ ನರ್ಸ್ ವಸಂತಮ್ಮನ ಮುಂದೆ ಅವರ ಸಿಟ್ಟು ಹೊರಬಿತ್ತು.

"ಗಲೀಜಲ್ಲೇ ಕೂರ್ಸಿ ಅಂತಾರಲ್ಲ ಸಿಸ್ಟರೇ! ಅವ್ರ ಮನೆ ಮಗಳಾದ್ರೆ ಹಾಗೆ ಕೂರಿಸ್ತಿದ್ರಾ?"

"ನಿಮ್ಮ ಹಂಡೆಗೂ ರಿಟೈರ್‌ಮೆಂಟ್ ಕೊಟ್ಬಿಡ್ತಾರೆ ಅಂತ ಭಯನಾ ಬಸಮ್ಮೋರೇ?" ಎಂದು ವಸಂತಮ್ಮ ನಕ್ಕರು. ಬಸಮ್ಮನವರು ನಗಲಿಲ್ಲ. ಓದಿದವರ ವಿಧಿಗಿಂತ ತಮ್ಮ ಕರುಣೆ ದೊಡ್ಡದೆಂಬ ಹೆಮ್ಮೆ ಅವರಲ್ಲಿ ಆಗಲೇ ಬೇರು ಬಿಟ್ಟಿತ್ತು. ಅದು ಹೆಮ್ಮೆಯೆಂದು ಅವರಿಗೆ ತಿಳಿದಿರಲಿಲ್ಲ.

ಕಳೆದ ಜನವರಿಯ ಒಂದು ಬೆಳಗ್ಗೆ ಸೌಂದರ್ಯ ಎಂಬ ಇಪ್ಪತ್ಮೂರರ ಯುವತಿ ಒಬ್ಬಳೇ ವಾರ್ಡಿಗೆ ಬಂದಳು. ಸಂಸೆಯ ಕಡೆಯ ಸಣ್ಣ ಹಿಡುವಳಿದಾರರ ಮಗಳು. ಆಲ್ದೂರಿನ ಆಚೆಯ ಎಸ್ಟೇಟೊಂದರ ಕಣದಲ್ಲಿ ಕಾಫಿ ತೂಕ ಮಾಡಿಸುವ ಕೆಲಸಕ್ಕಿದ್ದಳು. ಹಿಂದಿನ ಸಂಜೆ ಆ ಎಸ್ಟೇಟಿನ ಗುಮಾಸ್ತ, ರೈಟರ್ ಯೋಗೇಶ್, ಲೆಕ್ಕ ನೋಡುವ ನೆಪದಲ್ಲಿ ಆಕೆಯನ್ನು ಗೋಡೌನಿಗೆ ಕರೆದು ಬಲಾತ್ಕಾರ ಮಾಡಿದ್ದ. ಆಕೆ ಅವನ ತೋಳನ್ನು ಚರ್ಮ ಕಿತ್ತು ಬರುವಂತೆ ಪರಚಿದ್ದಳು. ಕಾಲೇಜಿನಲ್ಲಿದ್ದಾಗ ಯಾರೋ ಉಪನ್ಯಾಸದಲ್ಲಿ ಹೇಳಿದ್ದ ಮಾತೊಂದು ಆಕೆಗೆ ನೆನಪಿತ್ತು. ಅದನ್ನು ನೆಚ್ಚಿ, ಉಟ್ಟ ಬಟ್ಟೆಯನ್ನು ಬದಲಿಸದೆ, ಬಲಗೈಯನ್ನು ಮುಷ್ಟಿ ಕಟ್ಟಿಕೊಂಡು, ಆ ಕೈಯಿಂದ ಅನ್ನವನ್ನೂ ಮುಟ್ಟದೆ ರಾತ್ರಿ ಕಳೆದು ಬಂದಿದ್ದಳು.

ಇದೊಂದೂ ಬಸಮ್ಮನವರಿಗೆ ಗೊತ್ತಿರಲಿಲ್ಲ. ಹಲ್ಲೆಯಾಗಿದೆ, ಪೊಲೀಸರಿಗೆ ತಿಳಿಸಿದೆ ಎಂಬಷ್ಟನ್ನು ಮಾತ್ರ ವಸಂತಮ್ಮ ಹೇಳಿದ್ದರು. ಹೆರಿಗೆ ಕಷ್ಟವಾದ ಒಬ್ಬಳನ್ನು ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಒಯ್ಯುವ ಅವಸರದಲ್ಲಿದ್ದ ಅವರು ಬಾಗಿಲಲ್ಲಿ ತಿರುಗಿ ನಿಂತು, "ಲೇಡಿ ಡಾಕ್ಟರ್ ಮಧ್ಯಾಹ್ನ ಬರ್ತಾರೆ. ಅಲ್ಲೀವರೆಗೆ ಏನೂ ತೊಳೀಬೇಡಿ ಬಸಮ್ಮೋರೇ, ದಮ್ಮಯ್ಯ," ಎಂದಿದ್ದರು.

ಬಸಮ್ಮನವರು ಯುವತಿಯ ಪಕ್ಕದಲ್ಲಿ ಕುಳಿತರು. ಯುವತಿಯ ಚೂಡಿದಾರ ಹರಿದಿತ್ತು. ಮೈಯಿಂದ ಹುಳಿತ ಕಾಫಿ ಸಿಪ್ಪೆಯ, ಬೆವರಿನ, ಇನ್ನೂ ಏನೇನೋ ವಾಸನೆ ಏಳುತ್ತಿತ್ತು. ಅವರಿಗೆ ತಡೆಯಲಾಗಲಿಲ್ಲ. "ಏಳು ಮಗಾ, ಎರಡು ಚೊಂಬು ನೀರು ಹುಯ್ತೀನಿ," ಎಂದು ತೋಳು ಹಿಡಿದು ಎಬ್ಬಿಸಿದರು.

"ಬೇಡಮ್ಮ. ಡಾಕ್ಟರ್ ಬರ್ಲಿ."

"ಡಾಕ್ಟರ್ ಬರೋಕೆ ಇನ್ನೂ ಮೂರು ಗಂಟೆ ಇದೆ ಮಾರಾಯ್ತಿ. ಹಿಂಗೇ ಕೂರ್ತೀಯಾ? ನಂಗೂ ಮಗಳಿದಾಳೆ, ನಾಚ್ಕೋಬೇಡ."

ಬಚ್ಚಲಿನಲ್ಲಿ ಯುವತಿ ಬಲಗೈ ಮುಷ್ಟಿಯನ್ನು ಎದೆಗೊತ್ತಿಕೊಂಡು ನಿಂತಳು. "ಕೈ ಬೇಡ. ಕೈ ಬಿಡಿ," ಎಂದಳು. ಗಾಯ ಉರಿದೀತೆಂಬ ಅಂಜಿಕೆಯೆಂದು ಬಸಮ್ಮನವರು ತಿಳಿದರು. ಮಗುವಿನ ಮುಷ್ಟಿಯನ್ನು ಬಿಡಿಸುವಂತೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೀಗೆಪುಡಿ ಹಾಕಿ ತಿಕ್ಕಿದರು. ಮುರಿದ ಉಗುರುಗಳನ್ನು ಕತ್ತರಿಸಿದರು. ಉಗುರು ನೆಲದಲ್ಲಿ ಬೀಳಬಾರದೆಂದು ಒಲೆಗೆ ಹಾಕಿದರು. ಆ ಬಟ್ಟೆ ಮತ್ತೆ ಇವಳ ಕಣ್ಣಿಗೆ ಬೀಳಬಾರದೆಂದು ಅದನ್ನೂ ಒಲೆಗೆ ಹಾಕಿ, ತಾವು ಕೂಡಿಟ್ಟ ಸೀರೆಯೊಂದನ್ನು ಉಡಿಸಿದರು. ಯುವತಿ ಅಳಲಿಲ್ಲ. ಉರಿಯುವ ಒಲೆಯನ್ನೇ ನೋಡುತ್ತ ನಿಂತಿದ್ದಳು. ನೀರಿನ ಗುಣದಿಂದ ಮನಸ್ಸು ತಣಿಯಿತೆಂದು ಬಸಮ್ಮನವರು ಭಾವಿಸಿದರು.

ಮಧ್ಯಾಹ್ನ ಬೇರೊಂದು ಆಸ್ಪತ್ರೆಯಿಂದ ಡಾಕ್ಟರ್ ಕೃತಿಕಾ ಬಂದರು. ಪರೀಕ್ಷೆಯ ಕೋಣೆಯಲ್ಲಿ ಜೊತೆಗಿರಲು ಹೆಂಗಸೊಬ್ಬಳು ಬೇಕೆಂದು ಬಸಮ್ಮನವರನ್ನೇ ಕರೆದರು. ವೈದ್ಯೆ ಮೊದಲು ಕುರ್ಚಿ ಎಳೆದುಕೊಂಡು ಯುವತಿಯ ಎದುರು ಕುಳಿತರು.

"ಸೌಂದರ್ಯ, ನಾನು ಏನೇ ಮಾಡೋ ಮುಂಚೆ ನಿಮ್ಮನ್ನ ಕೇಳ್ತೀನಿ. ಬೇಡ ಅಂದ್ರೆ ಬೇಡ. ಯಾಕೆ ಅಂತ ಹೇಳೋದೂ ಬೇಕಿಲ್ಲ."

ಹಾಗೆಯೇ ನಡೆದುಕೊಂಡರು ಕೂಡ. "ಕತ್ತು ನೋಡ್ಲಾ?" ಎಂದು ಕೇಳಿ, ಆಕೆ ತಲೆಯಾಡಿಸಿದ ಮೇಲೆ ನೋಡಿದರು. "ತೋಳು ಮುಟ್ಲಾ?" ಎಂದು ಕೇಳಿ ಮುಟ್ಟಿದರು. ಕಂಡ ತರಚು ಗಾಯಗಳನ್ನೆಲ್ಲ ಅಳೆದು, ಮನುಷ್ಯಾಕೃತಿಯ ಚಿತ್ರದ ಮೇಲೆ ಗುರುತು ಹಾಕಿದರು. ಒಂದು ಪರೀಕ್ಷೆಗೆ ಯುವತಿ ಬೇಡವೆಂದು ತಲೆಯಲ್ಲಾಡಿಸಿದಳು. ವೈದ್ಯೆ ಎತ್ತಿಕೊಂಡಿದ್ದ ಉಪಕರಣವನ್ನು ತಟ್ಟೆಯಲ್ಲಿಟ್ಟು, ಹಾಗೆಂದೇ ಬರೆದುಕೊಂಡು ಮುಂದಕ್ಕೆ ಹೋದರು. ಒಂದು ಹೆಣ್ಣು ಬೇಡವೆಂದೊಡನೆ ಕೈಯೊಂದು ನಿಂತುದನ್ನು ಬಸಮ್ಮನವರು ಆ ವಾರ್ಡಿನಲ್ಲಿ ಅದೇ ಮೊದಲು ಕಂಡರು.

ಅಷ್ಟರಲ್ಲಿ ವೈದ್ಯೆ ಬಿಳಿ ಕಾಗದ ಹರಡಿ ಬಲಗೈಯನ್ನು ಅದರ ಮೇಲಿಡಲು ಹೇಳಿದರು. ಉಗುರುಗಳನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು.

"ಉಗುರು ಯಾವಾಗ ಕತ್ತರಿಸಿದ್ದು?"

"ಇವತ್ತು."

"ಸ್ನಾನ ಮಾಡ್ಕೊಂಡು ಬಂದ್ರಾ?"

ಯುವತಿ ಬಸಮ್ಮನವರ ಕಡೆ ನೋಡಿದಳು. ಬಸಮ್ಮನವರು ನೆಲ ನೋಡಿದರು.

"ಹೂಂ," ಎಂದಳು ಸೌಂದರ್ಯ.

"ನಿನ್ನೆಯ ಬಟ್ಟೆ?"

"ಇಲ್ಲ."

ವೈದ್ಯೆ ನಿಟ್ಟುಸಿರಿಟ್ಟು ಬರೆದರು: ಪರೀಕ್ಷೆಗೆ ಬರುವ ಮುನ್ನ ಸ್ನಾನವಾಗಿದೆ, ಉಗುರು ಕತ್ತರಿಸಿಕೊಳ್ಳಲಾಗಿದೆ, ಧರಿಸಿದ್ದ ಬಟ್ಟೆ ಹಾಜರುಪಡಿಸಿಲ್ಲ. ಆದರೂ ಬೆರಳುಗಳ ಸಂದಿಯನ್ನು ಒರೆಸಿ ತೆಗೆದ ಹತ್ತಿಯನ್ನು ಕವರಿನಲ್ಲಿಟ್ಟು ಅರಗಿನ ಮುದ್ರೆ ಹಾಕಿದರು. ಅದರಲ್ಲಿ ಸೀಗೆಯ ಪರಿಮಳದ ಹೊರತು ಏನೂ ಇರದೆಂದು ಬಲ್ಲ ಒಂದು ಜೀವ ಅದೇ ಕೋಣೆಯಲ್ಲಿ ಗೋಡೆಗಾತು ನಿಂತಿತ್ತು. ಆಗ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಸಮ್ಮನವರು ಬಿಡಲಿಲ್ಲ. ಸಂಜೆ ಹಿಂದಿರುಗಿದ ವಸಂತಮ್ಮ ವಿಚಾರಿಸಿದಾಗ, "ಮನೇಲೇ ಮಿಂದು ಬಂದಿದ್ಳು," ಎಂದುಬಿಟ್ಟರು. ಬೆಳಗಿನ ಅವಸರದಲ್ಲಿ ಯುವತಿಯನ್ನು ಸರಿಯಾಗಿ ನೋಡಿರದ ವಸಂತಮ್ಮ ಅದನ್ನು ನಂಬಿದರು.

ಒಂಬತ್ತನೆಯ ದಿನ ಅವರು ಆಲ್ದೂರಿನಲ್ಲಿ ಹಾಲೇಶನ ಅಂಗಡಿಯ ಮುಂದೆ ಊದುಬತ್ತಿ ಕೊಳ್ಳುತ್ತಿದ್ದರು. ಪಕ್ಕದಲ್ಲಿ ಬೆಳೆಗಾರರೊಬ್ಬರು ಬೀಡಿ ಹಚ್ಚಿಕೊಂಡು ನಿಂತಿದ್ದರು.

"ಕೇಳಿದ್ರಾ ಮಾರಾಯ್ರೇ," ಎಂದ ಹಾಲೇಶ, "ಆ ಹುಡುಗಿ ಮಿಂದು, ಉಗುರು ಕತ್ತರಿಸ್ಕೊಂಡು, ಸೀರೆ ಉಟ್ಕೊಂಡು ಆಸ್ಪತ್ರೆಗೆ ಹೋಗಿದ್ಳಂತೆ, ಮದುವೆ ಮನೆಗೆ ಹೋದ ಹಾಗೆ! ಡಾಕ್ಟ್ರೇ ಬರೆದಿದಾರಂತೆ."

"ರೈಟರ ಕೈಮೇಲೆ ಗೀರಿತ್ತು ಅಂದ್ರಲ್ಲ?"

"ಕಾಫಿ ಗಿಡದ ರೆಂಬೆ ತರಚಿದ್ದಂತೆ. ಪಾಪ, ಅವನ್ನ ನಾಲ್ಕು ಜನದ ಮುಂದೆ ತಲೆ ಎತ್ತದ ಹಾಗೆ ಮಾಡಿದ್ಳು." ಆಮೇಲೆ ಪೊಟ್ಟಣ ಕಟ್ಟುತ್ತ, "ನೀವು ಅಲ್ಲೇ ಇದ್ರಲ್ಲ ಬಸಮ್ಮೋರೇ, ಹೌದೋ ಅಲ್ವೋ ಹೇಳಿ," ಎಂದ.

"ನಂಗೇನೂ ಗೊತ್ತಿಲ್ಲಪ್ಪ," ಎಂದರು ಬಸಮ್ಮನವರು. ಆ ಮಾತು ತಮ್ಮ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಅವರಿಗೇ ಹೇಸಿಗೆಯಾಯಿತು.

ಮಾರನೆಯ ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮಜ್ಜನಕ್ಕೆ ನೀರೆತ್ತಿದವರಿಗೆ ಎರೆಯಲಾಗಲಿಲ್ಲ. ಇಪ್ಪತ್ತಾರು ವರ್ಷ ಕೈಸೇರಿದ ಮೈಗಳಿಗೆಲ್ಲ ನೀರೆರೆದೆ. ಎರೆಯಲೇ ಎಂದು ಒಬ್ಬರನ್ನೂ ಕೇಳಲಿಲ್ಲ. ಅಂದು ಆ ವಾಸನೆಯನ್ನು ತಾಳಲಾರದೆ ಹೋದವಳು ಅವಳಲ್ಲ, ನಾನು. ನನ್ನ ಮೂಗಿನ ನೆಮ್ಮದಿಗೆ ಕರುಣೆಯೆಂದು ಹೆಸರಿಟ್ಟು ಅವಳ ಸತ್ಯವನ್ನು ತೊಳೆದೆ. ಶಿವನೇ, ಈ ಕೈಯನ್ನು ನಿನ್ನ ಮುಂದೆ ಹೇಗೆ ಹಿಡಿಯಲಿ? ಹೀಗೆ ಹಲುಬಿ, ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ, ಆ ವೈದ್ಯೆಯ ಆಸ್ಪತ್ರೆಗೆ ಹೋಗುವ ಮೊದಲ ಬಸ್ಸು ಹತ್ತಿದರು.

ತಾನೇ ಮೀಯಿಸಿದ್ದು, ಉಗುರು ಬಟ್ಟೆ ಸುಟ್ಟದ್ದು ಎಂಬುದನ್ನು ಕೇಳಿ ಡಾಕ್ಟರ್ ಕೃತಿಕಾ ಪೆನ್ನನ್ನು ಕೆಳಗಿಟ್ಟರು.

"ಹತ್ತು ದಿನ ಬಸಮ್ಮ. ಹತ್ತು ದಿನ! ಅವತ್ತೇ ಹೇಳಿದ್ರೆ ಆ ಯೋಗೇಶನ ಕೈನ ಅವತ್ತೇ ನೋಡೋಕೆ ಹೇಳ್ತಿದ್ದೆ. ಈಗ ಆ ಗೀರು ಮಾಗಿರುತ್ತೆ." ಕಾಗದ ಮುಂದಿಟ್ಟರು. "ಬರೀರಿ. ತೊಳೀಬಾರ್ದು ಅಂತ ಗೊತ್ತಿರ್ಲಿಲ್ಲ ಅಂತ ಬೇಕಾದ್ರೆ ಸೇರಿಸಿ. ವಯಸ್ಸಾದವ್ರು ಅಂತ ಮೇಲಿನೋರು ಬಿಟ್ಟಾರು."

"ಗೊತ್ತಿತ್ತು ಅಮ್ಮಾವ್ರೇ. ಸಿಸ್ಟರೂ ಹೇಳಿದ್ರು."

"ಸೌಂದರ್ಯನೇ ಸ್ನಾನ ಬೇಕು ಅಂದ್ರಾ?"

ಈ ಉತ್ತರವನ್ನು ಬಲ್ಲವರು ಇಬ್ಬರೇ. ಹೇಳಿದರೆ ನಂಬುವಂತಿರುವುದು ಒಬ್ಬರ ಬಾಯಿಂದ ಮಾತ್ರ. ಹಾಗೆ ಹೇಳುವುದೆಂದರೆ ಊರಿನವರು ಇಷ್ಟು ಕಾಲ ಕೊಂಡಾಡಿದ ತಮ್ಮ ಕೈಯನ್ನು ತಾವೇ ದೂರುವುದು.

"ಇಲ್ಲ. ಬೇಡ ಅಂದ್ಲು. ಕೈ ಬಿಡಿ ಅಂದ್ಲು. ಮುಷ್ಟಿ ಹಿಡ್ಕೊಂಡಿದ್ಲು. ನಾನೇ ಬಿಡಿಸ್ದೆ."

"ಅದನ್ನೇ ಬರೀರಿ. ಮೊದಲು ಅದನ್ನ ಬರೀರಿ."

ಬಸಮ್ಮನವರು ಹಾಗೆಯೇ ಬರೆದರು. ವೈದ್ಯೆ ಪೂರಕ ವರದಿಯೊಂದನ್ನು ಸಿದ್ಧಪಡಿಸಿ ಅದರೊಡನೆ ಠಾಣೆಗೆ ಕಳುಹಿಸಿದರು. ಪೊಲೀಸರು ಬಂದು ಬಸಮ್ಮನವರ ಹೇಳಿಕೆ ಪಡೆದರು. ಯೋಗೇಶನನ್ನು ಬಂಧಿಸಿ ಪರೀಕ್ಷೆಗೆ ಕರೆತಂದಾಗ ಅವನ ತೋಳಿನ ಮೇಲೆ ಮೂರು ಮಸುಕು ಗೆರೆಗಳಷ್ಟೇ ಉಳಿದಿದ್ದುವು. ಅವು ಉಗುರಿನವೆಂದು ಈಗ ಯಾರೂ ಆಣೆಯಿಟ್ಟು ಹೇಳುವಂತಿರಲಿಲ್ಲ. ಮೊಕದ್ದಮೆಗೆ ಉಳಿದ ಗಟ್ಟಿ ಆಧಾರವೆಂದರೆ ಆ ಯುವತಿ ಸಾಕ್ಷ್ಯವನ್ನು ಕಾಪಾಡಿಕೊಂಡು ಬಂದಿದ್ದಳು, ಅದನ್ನು ಕಳೆದವರು ಬೇರೆಯವರು ಎಂಬ ಈ ಒಂದು ಹಾಳೆ. ಇಲಾಖೆಯಿಂದ ಬಸಮ್ಮನವರಿಗೆ ನೋಟಿಸು ಬಂತು. ಅವರು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಆಲ್ದೂರಿನಲ್ಲಿ ಇಳಿದು ಹಾಲೇಶನಿಗೂ ನಡೆದುದನ್ನೆಲ್ಲ ಹೇಳಿ ಬಂದರು. ಅವನು ತಕ್ಕಡಿಯನ್ನು ಒರೆಸುತ್ತ, "ಇಷ್ಟು ದಿನ ಎಲ್ಲಿದ್ರಿ ಬಸಮ್ಮೋರೇ?" ಎಂದನಂತೆ.

ಫೆಬ್ರವರಿಯ ಕೊನೆಯಲ್ಲಿ ಸೌಂದರ್ಯ ಮರುಪರೀಕ್ಷೆಗೆ ಬಂದಳು. ವರಾಂಡದ ಬೆಂಚಿನಲ್ಲಿ ಕುಳಿತವಳ ಮುಂದೆ ಬಸಮ್ಮನವರು ಹೋಗಿ ನಿಂತರು. ಕಾಲು ಮುಟ್ಟಲು ಬಗ್ಗಿದವರು, ಮುಟ್ಟಲು ತಮಗೇನು ಅಧಿಕಾರವೆಂದು ನೆನೆದು ಅರ್ಧಕ್ಕೇ ನೆಟ್ಟಗಾದರು.

"ತಪ್ಪಾಯ್ತು ಮಗಾ."

ಸೌಂದರ್ಯ ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. "ಅವತ್ತು ನೀವು ತಲೆ ಬಗ್ಗಿಸಿದ್ರಿ. ಪಾಪ, ಇವ್ರ ಕೆಲಸ ಹೋಗುತ್ತೆ ಅಂತ ಹೂಂ ಅಂದೆ. ನಂಗೆ ಅದಕ್ಕೆ ಅರೆಗಳಿಗೆ ಸಾಕಾಯ್ತು. ನಿಜ ಹೇಳೋಕೆ ನಿಮಗೆ ಹತ್ತು ದಿನ ಬೇಕಾಯ್ತು ಅಮ್ಮ."

ಬಸಮ್ಮನವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಬರೆದು ಕೊಟ್ರಿ ಅಂತ ಡಾಕ್ಟರ್ ಹೇಳಿದ್ರು. ನಮ್ಮಪ್ಪ ಈಗ ನನ್ನ ಹತ್ರ ಮಾತಾಡ್ತಾರೆ," ಎಂದು ಆಕೆ ಮೆಲ್ಲಗೆ ಸೇರಿಸಿದಳು. "ಸಿಟ್ಟಿಲ್ಲ ಅಂತ ಮಾತ್ರ ನನ್ನ ಕೈಲಿ ಹೇಳೋಕಾಗಲ್ಲ."

ಒಳಗಿನಿಂದ ಕರೆ ಬಂತು. ಎಂದಿನಂತೆ ಬಸಮ್ಮನವರು ಪರದೆ ಎಳೆದು, ಹಾಸಿಗೆಗೆ ಹೊಸ ಬಟ್ಟೆ ಹಾಸಿದರು. ಡಾಕ್ಟರ್ ಕೃತಿಕಾ ಸೌಂದರ್ಯಳ ಕಡೆ ತಿರುಗಿ, "ಜೊತೆಗೆ ಯಾರಿರ್ಲಿ?" ಎಂದು ಕೇಳಿದರು.

"ವಸಂತಮ್ಮ ಸಿಸ್ಟರ್ ಇರ್ಲಿ."

ಬಸಮ್ಮನವರು ಹೊರಗೆ ಬಂದು, ವಸಂತಮ್ಮನನ್ನು ಒಳಗೆ ಕಳಿಸಿ ಬಾಗಿಲನ್ನು ಮುಂದಕ್ಕೆಳೆದರು. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು.