ಹಳೇ ಗೋಡೆಗೆ ನಾನು ಹೊಡೆದ ನಾಲ್ಕು ಸ್ಕ್ರೂ

“ಸಾಬ್, ಆ ಶೆಲ್ಫಿನ ಕೆಳಗ ಯಾರ್ ಮಲಗ್ತಾರ್ರೀ?”

ಕಮಲಾಪುರದ ಬೀಗರ ಮನೆಯಲ್ಲಿ ಮಿಸ್ತ್ರಿ ಖಾಜಾಸಾಬರು ಹೀಗೆ ಕೇಳಿದಾಗ ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. ಕೆಳಗೆ ಮಲಗುವವಳು ನನ್ನ ಮಗಳು. ಪಕ್ಕದಲ್ಲಿ ಅವಳ ಎಂಟು ದಿನದ ಕೂಸು.

ಆದದ್ದಿಷ್ಟು. ಕಲಬುರಗಿಯಲ್ಲಿ ಸೇಡಂ ರಸ್ತೆಯಿಂದ ಒಳಗೆ ನಮ್ಮದೊಂದು ಹಳೇ ಮನೆ. ಇಟ್ಟಂಗಿಯ ಗೋಡೆ, ನಡುವೆ ಸುಣ್ಣದ ಗಾರೆ. ನೋಡಲು ಗಟ್ಟಿ, ಮುಟ್ಟಿದರೆ ಪುಡಿ. (ನನ್ನ ವಯಸ್ಸಿನ ಗಂಡಸರಂತೆ ಅನ್ನಿ.) ಬಾಣಂತನಕ್ಕೆ ಬಂದ ಮಗಳಿಗೆ ಮಂಚದ ಮೇಲ್ಗಡೆ, ಕೈಗೆಟಕುವಂತೆ ಒಂದು ಶೆಲ್ಫ್ ಬೇಕಿತ್ತು. ಎಣ್ಣೆ, ಫ್ಲಾಸ್ಕು, ಅಂಟಿನ ಉಂಡೆಯ ಸ್ಟೀಲ್ ಡಬ್ಬಿ ಇಡಲಿಕ್ಕೆ.

“ಮಿಸ್ತ್ರಿಗೆ ಕರೀರಿ,” ಅಂದಳು ಹೆಂಡತಿ ಶಾಂತಾ.

“ನಾಕು ಸ್ಕ್ರೂ ಹೊಡ್ಯಾಕ ಮಿಸ್ತ್ರಿ ಯಾಕ?” ಅಂದೆ ನಾನು.

ಪಕ್ಕದ ಮನೆಯಿಂದ ಡ್ರಿಲ್ ತಂದೆ. ಗುಂಡಿ ಒತ್ತಿದ್ದೇ ತಡ, ಗೋಡೆಯಿಂದ ಕೆಂಪು ಪುಡಿ ಸುರಿಯತೊಡಗಿತು. ಪೆನ್ಸಿಲಿನಷ್ಟು ತೂತು ಬೇಕಿದ್ದಲ್ಲಿ ಹೆಬ್ಬೆರಳು ಹೋಗುವಂತಾಯಿತು. ಸ್ಕ್ರೂ ಕಚ್ಚಲೆಂದು ಹಾಕುವ ಪ್ಲಾಸ್ಟಿಕ್ ಗಿಟ್ಟಿ ತೂತಿನೊಳಗೆ ಸಡಿಲವಾಗಿ ತಿರುಗತೊಡಗಿತು. ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಸಂದಿಗೆ ಬೆಂಕಿಕಡ್ಡಿ ತುರುಕಿದೆ. ಮೇಲೆ ಬಿಳಿ ಸಿಮೆಂಟ್ ಮೆತ್ತಿದೆ. ಸ್ಕ್ರೂ ಬಿಗಿಯಾಯಿತು. ಶೆಲ್ಫ್ ಹಿಡಿದು ಜಗ್ಗಿ ತೋರಿಸಿ, ಡಬ್ಬಿ-ಫ್ಲಾಸ್ಕು ನಾನೇ ಮೇಲಿಟ್ಟೆ. ಶಾಂತಾ ನೆಲಕ್ಕೆ ಬಿದ್ದ ಕೆಂಪು ಪುಡಿ ಗುಡಿಸತೊಡಗಿದಳು. ಗೆದ್ದೆ ಅಂದುಕೊಂಡೆ.

ಮರುದಿನ ನಸುಕಿನಲ್ಲೇ, ಬಾಣಂತಿ ಕೋಣೆಯ ಬಾಗಿಲು ತೆರೆಯುವ ಮೊದಲೇ, ಕೂಸಿಗೆ ಹೆಸರಿಡುವ ದಿನ ಗೊತ್ತುಮಾಡಲು ಕಮಲಾಪುರಕ್ಕೆ ಹೊರಟೆ. ಬೀಗರದೂ ಹಳೇ ಗೋಡೆಯೇ. ಖಾಜಾಸಾಬರು ಅಲ್ಲಿ ಶೆಲ್ಫ್ ಕೂಡಿಸುತ್ತಿದ್ದರು. ನೆಲದಿಂದ ಎರಡು ಕಟ್ಟಿಗೆಯ ಕಾಲು ಎಬ್ಬಿಸಿ, ಅವುಗಳ ಮೇಲೆ ಹಲಗೆ.

“ಹಳೇ ಗ್ವಾಡಿಗಿ ವಜ್ಜ ಕೊಡಬಾರದ್ರಿ. ಭಾರ ಏನಿದ್ರೂ ನೆಲಕ್ಕ ಕೊಡಬೇಕು. ಗ್ವಾಡಿ ಸುಮ್ನ ಹಿಡಕೊಂಡ್ರ ಸಾಕು,” ಅಂದರು.

ನಾನು ಸುಮ್ಮನಿರಬೇಕಲ್ಲ? ನನ್ನ ಬೆಂಕಿಕಡ್ಡಿಯ ಸಾಹಸ ಕೊಚ್ಚಿಕೊಂಡೆ. ಅವರು ಸುತ್ತಿಗೆ ಕೆಳಗಿಟ್ಟು ಕೇಳಿದ್ದೇ ಆ ಪ್ರಶ್ನೆ. ಬಾಣಂತಿ ಅಂದೆ.

“ಕಡ್ಡಿ ಇವತ್ತು ಹಿಡೀತದ್ರಿ. ಒಳಗ ಪುಡಿ ಇಳೀತನೇ ಇರ್ತದ. ಹೇಳಿ ಬೀಳಂಗಿಲ್ಲ ಅದು.”

ಶಾಂತಾಳಿಗೆ ಫೋನ್ ಮಾಡಿದೆ. ರಿಂಗಾಯಿತು, ನಿಂತಿತು. ಮಗಳಿಗೆ ಮಾಡಿದೆ. ಅದೂ ಅಷ್ಟೇ. ಎತ್ತುವುದಾದರೂ ಹೇಗೆ? ಕೂಸು ಬೆಚ್ಚಿಬೀಳುತ್ತದೆಂದು ಮನೆಯ ಫೋನುಗಳನ್ನೆಲ್ಲ ಸೈಲೆಂಟ್ ಮಾಡಿಸಿದವನು ನಾನೇ! ಡ್ರಿಲ್ ಕೊಟ್ಟ ಪಕ್ಕದ ಮನೆಯವರು ಹಿಂದಿನ ಸಂಜೆಯೇ ಊರಿಗೆ ಹೋಗಿದ್ದರು.

ಬಸ್ ಹತ್ತಿದೆ. ಆ ಪ್ರಯಾಣ ನನ್ನ ವೈರಿಗೂ ಬೇಡ. ಕೈಯೆತ್ತಿದವರಿಗೆಲ್ಲ ಬಸ್ ನಿಲ್ಲುತ್ತಿತ್ತು. ನಾನು ಮತ್ತೆ ಮತ್ತೆ ಫೋನ್ ಒತ್ತುತ್ತಿದ್ದೆ. ಉಂಡೆ ತುಂಬಿದ ಡಬ್ಬಿಯ ತೂಕ ಎಷ್ಟಿದ್ದೀತು? ನಾಲ್ಕು ಕೆಜಿ? ಕೂಸು ಮೂರು ಕೆಜಿಯೂ ಇಲ್ಲ. ಪಕ್ಕದ ಸೀಟಿನಾತ “ಆರಾಮ್ ಇಲ್ಲೇನ್ರಿ?” ಅಂದ. “ಕಲಬುರಗಿ ಇನ್ನೆಷ್ಟು ದೂರ್ರೀ?” ಅಂದೆ ನಾನು.

ಬಾಗಿಲು ತಳ್ಳಿ ಕೋಣೆಗೆ ನುಗ್ಗಿದೆ. ಶೆಲ್ಫ್ ನೆಲದ ಮೇಲಿತ್ತು. ಫ್ಲಾಸ್ಕು ಚೂರು. ಅಂಟಿನ ಉಂಡೆಗಳು ಕೆಂಪು ಪುಡಿಯಲ್ಲಿ ಹೊರಳಿದ್ದವು.

ಮಂಚ ಮಾತ್ರ ಅಲ್ಲಿರಲಿಲ್ಲ. ಎದುರು ಗೋಡೆಯ ಬದಿಗಿತ್ತು. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಶಾಂತಾ ಕಸಬರಿಗೆ ಹಿಡಿದು ಚೂರು ಗುಡಿಸುತ್ತಿದ್ದಳು. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಅಳು ಬಂತು, ಅತ್ತೆ.

“ಮಂಚ ಯಾವಾಗ ಸರಿಸಿದಿ?”

“ನಿನ್ನೆ. ನೀವು ಉಂಡು ಮಲಗಿದ ಮ್ಯಾಲ.”

ನಾನು ಗೋಡೆ ಗೆದ್ದ ಖುಷಿಯಲ್ಲಿ ಗೊರಕೆ ಹೊಡೆಯುವಾಗ ತಾಯಿ-ಮಗಳು ಸದ್ದಿಲ್ಲದೆ ಮಂಚ ಎತ್ತಿಟ್ಟಿದ್ದರು. ನಮ್ಮ ಮನೆಗಳಲ್ಲಿ ಇನ್ನೆಷ್ಟು ಅಪಾಯ ಹೀಗೆ ನಮಗೆ ತಿಳಿಯದಂತೆ ತಪ್ಪಿದೆಯೋ? ಆದರೂ ನನ್ನ ಕೊಬ್ಬು ನೋಡಿ, ಕಣ್ಣೊರೆಸಿಕೊಳ್ಳುತ್ತಲೇ ತಕರಾರು ತೆಗೆದೆ: “ನಂಗ್ಯಾಕ ಹೇಳ್ಲಿಲ್ಲ?”

ಶಾಂತಾ ತಲೆಯೆತ್ತಲೂ ಇಲ್ಲ.

“ಹೇಳಿದ್ರ ಇನ್ನೊಂದು ಸ್ಕ್ರೂ ಹೊಡೀತಿದ್ರಿ. ಮಂಚ ಸರಸ್ತಿರಲಿಲ್ಲ.”